ಸುಮ್ಮನೆ ದಾರಿ

ನಮ್ಮೂರಿನಲ್ಲಿ ಆಟದ ಬಗ್ಗೆ ಬಾಯಿಗೆ ಬಂದ ಹಾಗೆ ಮಾತಾಡುವಂತಿಲ್ಲ. ಬೇರೆ ಊರುಗಳಲ್ಲಿ ಜನ ಆಡುತ್ತಾರೆ, ಬೈಯುತ್ತಾರೆ, ಮನೆಗೆ ಹೋಗಿ ಉಂಡು ಮರೆಯುತ್ತಾರಂತೆ. ಪುಣ್ಯವಂತರು. ಇಲ್ಲಿ ಹಳೇ ಅವಲಕ್ಕಿ ಮಿಲ್ಲಿನೊಳಗೆ ಒಂಬತ್ತು ಪರದೆಗಳಿವೆ, ಒಂಬತ್ತರಲ್ಲೂ ಒಂದೇ ಆಟ. ಆಡಿ ಎದ್ದವರು ಬಾಗಿಲ ಪಕ್ಕ ಕೂತಿರುವ ನನ್ನ ಮೇಜಿನ ಮುಂದೆ ನಿಂತು, ಆಟ ಹೇಗಿತ್ತು ಅಂತ ನಾಲ್ಕು ಜನಕ್ಕೆ ಕೇಳುವಂತೆ ಹೇಳಬೇಕು. ನಾನು ಒಂದಕ್ಷರ ಆಚೀಚೆ ಮಾಡದೆ ಅಭಿಪ್ರಾಯದ ಪುಸ್ತಕದಲ್ಲಿ ಬರೆದುಕೊಳ್ಳಬೇಕು. ಮಾರನೆಯ ಬೆಳಗ್ಗೆ ಮಿಲ್ಲಿನ ಬಾಗಿಲು ತೆಗೆಯುವಷ್ಟರಲ್ಲಿ ಆಟ ಅದನ್ನೆಲ್ಲ ಓದಿಕೊಂಡು, ತನಗೆ ತಿಳಿದ ಹಾಗೆ ಬದಲಾಗಿ ಕೂತಿರುತ್ತದೆ. ಹದಿನಾರು ವರ್ಷದಿಂದ ನನ್ನ ಕೆಲಸ ಇದೇ. ಅಪ್ಪ ಅಮ್ಮ ಇಟ್ಟ ಹೆಸರು ಶಾಂಭವಿ. ಊರಿಗೆಲ್ಲ ನಾನು ಬುಕ್ಕಿನಕ್ಕ.

ಆಟದೊಳಗೆ ಏಳು ಕೋಟೆಗಳಿರುವ ಒಂದು ದೇಶವಿದೆ. ಅಲ್ಲಿ ನಮ್ಮ ಮುಖ ನಮಗೆ ಕಾಣುವುದಿಲ್ಲ, ಮುಂದಕ್ಕೆ ಚಾಚಿದ ಎರಡು ಕೈ ಮಾತ್ರ. ರಿಮೋಟಿನ ಎಡಗಡೆ ಗುಂಡಿ ನೂಕಿದರೆ ಕಾಲು ನಡೆಯುತ್ತದೆ, ಬಲಗಡೆಯದು ತಿರುಗಿಸಿದರೆ ಕಣ್ಣು ತಿರುಗುತ್ತದೆ. ಇಷ್ಟೇ ವಿದ್ಯೆ. ಉಳಿದದ್ದೆಲ್ಲ ಜನರ ಬಾಯಿಯ ಪ್ರತಾಪ. ಕ್ಷೌರದ ಅಂಗಡಿಯ ಕಾಳಿಂಗ ಒಮ್ಮೆ, "ಏನ್ ಕತ್ತಿ ಅಕ್ಕಾ ಇದು, ಬೆಣ್ಣೇನೂ ಕೊಯ್ಯಲ್ಲ" ಅಂತ ಬರೆಸಿದ. ಮರುದಿನ ಕತ್ತಿಗೆ ಎಂಥ ಮೊನೆ ಬಂದಿತ್ತೆಂದರೆ, ಅದನ್ನು ಒರೆಯಿಂದ ಎಳೆಯುವಾಗಲೇ ಅವನ ಚೀಲದ ಪಟ್ಟಿ ಕತ್ತರಿಸಿ, ವಾರದಿಂದ ಕೂಡಿಟ್ಟ ಮದ್ದಿನ ಸೀಸೆಗಳೆಲ್ಲ ಕಂದಕಕ್ಕೆ ಬಿದ್ದವು. ಯಾರೋ ನಾಲ್ಕನೇ ಕೋಟೆಗೆ ಮೆಟ್ಟಿಲು ಜಾಸ್ತಿ ಅಂದರು. ಬೆಳಗಾಗುವಷ್ಟರಲ್ಲಿ ಒಂದು ಮೆಟ್ಟಿಲೂ ಇರಲಿಲ್ಲ, ಮೇಲಿದ್ದವರು ಎರಡು ದಿನ ಮೇಲೆಯೇ ಇದ್ದರು. ಬಳೆ ಮಾರುವ ಹಸೀನಾಬಿ ಒಬ್ಬಳೇ ಹನ್ನೊಂದು ಡ್ರ್ಯಾಗನ್ ಕೊಂದ ಹೆಂಗಸು. ಅವಳು, "ಗವಿಯ ದೆವ್ವ ನೋಡಿದ್ರೆ ಒಂಚೂರೂ ಭಯ ಆಗಲ್ಲ, ನಮ್ಮತ್ತೇನೇ ವಾಸಿ" ಅಂದಳು. ಮರುದಿನ ದೆವ್ವ ಸೊಂಟದ ಮೇಲೆ ಕೈಯಿಟ್ಟುಕೊಂಡು ಗವಿಯ ಬಾಗಿಲಲ್ಲೇ ನಿಂತು, "ಇಷ್ಟೊತ್ತು ಎಲ್ಲಿಗೆ ಹಾಳಾಗಿ ಹೋಗಿದ್ದೆ?" ಅಂತ ಕೇಳಿತು. ಹಸೀನಾಬಿ ರಿಮೋಟು ಎಸೆದು ಬೀದಿಗೆ ಓಡಿದಳು.

ಬೈಯುವುದಕ್ಕೆ ನಮ್ಮ ಜನಕ್ಕೆ ಯಾರೂ ಹೇಳಿಕೊಡಬೇಕಾಗಿಲ್ಲ. ಹೊಗಳುವುದು ಮಾತ್ರ ಅವರ ಹುಟ್ಟಿನಲ್ಲೇ ಇಲ್ಲ. ಹೊಗಳಿದರೆ ದೃಷ್ಟಿ ತಾಗುತ್ತದೆ. ಅದಕ್ಕೇ ನಮ್ಮಲ್ಲಿ ಎಲ್ಲ ಸಂತೋಷಕ್ಕೂ ಒಂದೇ ಮಾತು: ಪರವಾಗಿಲ್ಲ. ಮಗು ಚಿನ್ನದ ಗೊಂಬೆಯ ಹಾಗಿದ್ದರೆ ಪರವಾಗಿಲ್ಲ. ಹೋಳಿಗೆ ಬಾಯಲ್ಲಿಟ್ಟ ಕೂಡಲೇ ಕರಗಿದರೆ ಪರವಾಗಿಲ್ಲ. ಹೆಣ್ಣು ನೋಡಿ ಬಂದ ಗಂಡು ತಲೆ ತಗ್ಗಿಸಿ "ಏನೋಪ್ಪ, ಪರವಾಗಿಲ್ಲ" ಅಂದರೆ ಇನ್ನು ಅವನಿಗೆ ನಿದ್ದೆಯಿಲ್ಲ, ಛತ್ರ ಗೊತ್ತು ಮಾಡಬಹುದು ಅಂತ ಅರ್ಥ. ಒಮ್ಮೆ ಪರಸ್ಥಳದ ಜರಡಿ ವ್ಯಾಪಾರಿಯೊಬ್ಬ ಬಂದು ಒಂದು ಗಂಟೆ ಆಡಿದ. ಎದ್ದವನೇ "ಅಬ್ಬಬ್ಬಾ, ಆ ಸೇತುವೆ ಎಷ್ಟು ಚೆನ್ನಾಗಿದೆ!" ಅಂತ ಕೂಗಿದ. ಮಿಲ್ಲಿನಲ್ಲಿದ್ದವರೆಲ್ಲ ಕಿವಿ ಮುಚ್ಚಿಕೊಂಡರು. ಬೆಳಗ್ಗೆ ನೋಡಿದರೆ ಸೇತುವೆ ಮೂರು ಪಟ್ಟು ಉದ್ದ ಬೆಳೆದಿತ್ತು. ಪಾಪ, ದೃಷ್ಟಿ ತಾಗಿ ಊದಿಕೊಂಡಿತು ಅಂತ ಊರೆಲ್ಲ ಮರುಗಿ, ಆ ಪರದೆಗೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿತು. ನಾನೂ ಮರುಗಿದೆ. ಬುದ್ಧಿವಂತೆ ಅಂತ ಹೆಸರು ಪಡೆದವಳು ನಾನು.

ಎರಡನೇ ಕೋಟೆಯ ಹಿಂಬಾಗಿಲಿನಿಂದ ಕೆರೆಯವರೆಗೆ ಒಂದು ಕಾಲುದಾರಿಯಿತ್ತು. ಅಲ್ಲಿ ರಾಕ್ಷಸರಿಲ್ಲ, ಪೆಟ್ಟಿಗೆಯಿಲ್ಲ, ಗೆಲ್ಲುವುದು ಏನೂ ಇಲ್ಲ. ಮೊಣಕಾಲುದ್ದ ಹುಲ್ಲು, ಗಾಳಿ, ಯಾವುದೋ ಹಕ್ಕಿಯ ಕೂಗು, ಹೆಜ್ಜೆಯ ಸಪ್ಪಳ, ಅಷ್ಟೇ. ಊರು ಅದಕ್ಕೆ ಸುಮ್ಮನೆ ದಾರಿ ಅಂತ ಹೆಸರಿಟ್ಟಿತ್ತು. ಆದರೂ ಕಾಳಿಂಗ ಯುದ್ಧ ಮುಗಿಸಿ ಏಳುವ ಮುಂಚೆ ಒಂದು ಸಲ ಅಲ್ಲಿ ನಡೆದು ಬರುತ್ತಿದ್ದ. ಹಸೀನಾಬಿಯೂ ಅಷ್ಟೇ. ಆಡುವವರೆಲ್ಲ ಅಷ್ಟೇ.

ಬೇರೆ ಯಾವುದಕ್ಕೂ ಹೋಗದೆ ಸುಮ್ಮನೆ ದಾರಿಗಾಗಿಯೇ ಬರುತ್ತಿದ್ದವನು ಮರುಳಪ್ಪ. ನಾನು ಮರುಳಣ್ಣ ಅನ್ನುತ್ತೇನೆ. ಇಪ್ಪತ್ತೆಂಟು ವರ್ಷ ನೀರಗಂಟಿಯಾಗಿದ್ದವನು. ನಾಲೆಯ ಏರಿಯ ಮೇಲೆ ಬರಿಗಾಲಲ್ಲಿ ಹೋಗಿ ತೂಬು ಎತ್ತಿ, ಯಾರ ಗದ್ದೆಗೆ ಎಷ್ಟು ನೀರು ಅಂತ ಬಿಟ್ಟುಕೊಂಡು, ದಿನಕ್ಕೆ ಎಂಟು ಹತ್ತು ಮೈಲಿ ನಡೆದವನು. ನಾಲ್ಕು ವರ್ಷದ ಹಿಂದೆ ಲಕ್ವ ಹೊಡೆದು ಅವನ ಎಡಗಾಲು ಎಡಗೈ ಎರಡೂ ಬಿದ್ದುಹೋದವು. ಅಲ್ಲಿಂದ ಅವನ ಹೆಂಡತಿ ದೇವೀರಮ್ಮ ಅತ್ತಿಗೆ ದಿನಾ ತಿಂಡಿ ಮುಗಿಸಿ, ಗಾಲಿಕುರ್ಚಿ ನೂಕಿಕೊಂಡು ಅವನನ್ನು ಮಿಲ್ಲಿಗೆ ಕರೆತರುತ್ತಿದ್ದಳು.

ಅವರಿಬ್ಬರ ಆಟ ನೋಡುವ ಹಾಗಿತ್ತು. ಬಲಗಡೆ ಗುಂಡಿ ಅವನ ಬಲಗೈಯಲ್ಲಿ. ಎಡಗಡೆ ಗುಂಡಿ ಅವಳ ಹೆಬ್ಬೆರಳಿನ ಕೆಳಗೆ. ಅಂದರೆ ಕಣ್ಣು ಅವನದು, ಕಾಲು ಅವಳದು. ಅತ್ತಿಗೆಗೆ ಪರದೆ ನೋಡಿದರೆ ತಲೆ ಸುತ್ತಿ ವಾಂತಿ ಬರುವ ಹಾಗಾಗುತ್ತದೆ. ಆ ಆಟ ಎಷ್ಟೋ ಜನಕ್ಕೆ ಹಾಗೆ ಮಾಡುತ್ತದೆ, ಪುಸ್ತಕದ ತುಂಬ ಆ ದೂರಿದೆ. ಅದಕ್ಕೆ ಅವಳು ಪರದೆಗೆ ಬೆನ್ನು ಮಾಡಿ, ಗಂಡನ ಮುಖಕ್ಕೆ ಎದುರಾಗಿ ಕೂರುತ್ತಿದ್ದಳು. ಅವನು "ನಡಿ" ಅಂದರೆ ನೂಕುವಳು, "ನಿಲ್ಲು" ಅಂದರೆ ಬಿಡುವಳು. ದಾರಿ ಎಲ್ಲಿ ತಿರುಗುತ್ತದೆ, ಎಲ್ಲಿ ಹಳ್ಳವಿದೆ ಅಂತ ಅವಳು ಒಮ್ಮೆಯೂ ಕಂಡವಳಲ್ಲ. ಎಲ್ಲವನ್ನೂ ಅವನ ಹುಬ್ಬಿನಲ್ಲೇ ಓದಿಕೊಳ್ಳುತ್ತಿದ್ದಳು. ಕೆರೆ ಮುಟ್ಟಿದ ಮೇಲೆ ನನ್ನ ಮೇಜಿನ ಹತ್ತಿರ ಬಂದು ಮರುಳಣ್ಣ ದಿನಾ ಒಂದೇ ಮಾತು ಬರೆಸುತ್ತಿದ್ದ. "ಸುಮ್ಮನೆ ದಾರಿ. ಪರವಾಗಿಲ್ಲ."

ಆ ದಾರಿ ಸವೆಯಲು ಶುರುವಾದದ್ದು ಮೊದಲು ಕಂಡದ್ದೂ ಅವನಿಗೇ. "ತಂಗಿ, ಹಕ್ಕಿ ಕೂಗ್ತಿಲ್ಲ" ಅಂದ ಒಂದು ದಿನ. ಮುಂದಿನ ವಾರ ಹುಲ್ಲು ಪಾದದ ಮಟ್ಟಕ್ಕಿಳಿಯಿತು. ಆಮೇಲೆ ಕೆರೆ ಕಾಣೆಯಾಯಿತು, ಅದರ ಜಾಗದಲ್ಲಿ ಬೂದು ಬಣ್ಣದ ಗೋಡೆಯಂಥದ್ದೇನೋ ನಿಂತಿತು. ಆ ಗೋಡೆ ದಿನಕ್ಕಿಷ್ಟು ಅಂತ ಮುಂದೆ ಬರತೊಡಗಿತು. ಊರಿಗೆ ಸಿಟ್ಟು ಬಂತು. ಕಾಳಿಂಗ ಮೇಜು ಕುಟ್ಟಿ ಬರೆಸಿದ. "ಸುಮ್ಮನೆ ದಾರಿ ಹಾಳಾಗಿ ಹೋಗಿದೆ, ಅದರಲ್ಲಿ ಏನೂ ಉಳಿದಿಲ್ಲ." ಆಟ ಆ ಮಾತನ್ನು ನಿಜ ಮಾಡಲು ಹೊರಟಿತು. ಒಂದೇ ದಿನಕ್ಕೆ ಅರ್ಧ ದಾರಿ ಹೋಯಿತು.

ಮರುಳಣ್ಣ ಬರುವುದು ನಿಲ್ಲಿಸಿದ. ಮೂರನೆಯ ದಿನ ಅತ್ತಿಗೆ ಒಬ್ಬಳೇ ಬಂದು ನನ್ನ ಮೇಜಿನ ಮುಂದೆ ಕೂತಳು. "ಅನ್ನ ಕಲಸ್ಕೊಂಡು ಹಾಗೇ ಕೂತಿರ್ತಾರೆ ಕಣೆ. ಮಾತಾಡ್ಸಿದ್ರೆ ಹೂಂ ಅಂತಾರೆ, ಉಹೂಂ ಅಂತಾರೆ. ಕಾಲು ಬಿದ್ದಾಗ್ಲೂ ಹೀಗೆ ಆಗಿರ್ಲಿಲ್ಲ. ಆವಾಗ ನನ್ನ ಬೈತಿದ್ರು, ಡಾಕ್ಟ್ರನ್ನ ಬೈತಿದ್ರು. ಈಗ ಬೈಯೋದೂ ಇಲ್ಲ. ಒಂದು ಸಲ ಕಳ್ಕೊಂಡಿದ್ದನ್ನ ಇನ್ನೊಂದು ಸಲ ಕಳ್ಕೊಳ್ಳೋ ಶಕ್ತಿ ಅವ್ರಿಗಿಲ್ಲ. ಆ ಪುಸ್ತಕ ನಿನ್ನ ಕೈಲಿದೆ. ಏನಾದ್ರೂ ಮಾಡೆ." ಕಣ್ಣಲ್ಲಿ ನೀರಿರಲಿಲ್ಲ. ಅದನ್ನು ನೋಡಿ ನನಗೇ ಅಳು ಬಂತು.

ಅವತ್ತು ಮಧ್ಯಾಹ್ನ ಮಿಲ್ಲಿನ ಬಾಗಿಲು ಎಳೆದುಕೊಂಡು ಪುಸ್ತಕ ತಿರುವಿ ಹಾಕಿದೆ. ಬೈದದ್ದು ಯಾವುದು, ಅದು ಏನಾಯಿತು ಅಂತ ನೋಡುತ್ತ ಹೋದೆ. ಜರಡಿ ವ್ಯಾಪಾರಿಯ ಸೇತುವೆಯ ಹತ್ತಿರ ಬಂದಾಗ ನನ್ನ ಬೆರಳು ನಿಂತಿತು. ಅದು ಊದಿಕೊಂಡದ್ದಲ್ಲ, ಬೆಳೆದದ್ದು. ಚೆನ್ನಾಗಿದೆ ಅಂದರೆ ಆಟ ಬೆಳೆಸುತ್ತದೆ. ಹಾಗಾದರೆ ಸುಮ್ಮನೆ ದಾರಿಗೆ ಏನು ಬರೆದಿದ್ದೇನೆ ಅಂತ ಹುಡುಕಿದೆ. ನಾಲ್ಕು ವರ್ಷ, ಪುಟಗಟ್ಟಲೆ, ನನ್ನದೇ ದುಂಡಗಿನ ಅಕ್ಷರದಲ್ಲಿ: ಪರವಾಗಿಲ್ಲ. ಪರವಾಗಿಲ್ಲ. ಪರವಾಗಿಲ್ಲ. ಆಟ ನಮ್ಮೂರಿನದಲ್ಲ. ಅದಕ್ಕೆ ಆ ಮಾತಿನ ಬರೀ ಮೇಲಿನ ಅರ್ಥ ಗೊತ್ತು. ಇದ್ದರೂ ಪರವಾಗಿಲ್ಲ, ಇಲ್ಲದಿದ್ದರೂ ಪರವಾಗಿಲ್ಲ. ಇಷ್ಟು ಜನಕ್ಕೆ ಬೇಡವಾದದ್ದನ್ನು ಇಟ್ಟುಕೊಂಡು ಏನು ಮಾಡಲಿ ಅಂತ ಅದು ಒಂದೊಂದಾಗಿ ತೆಗೆದುಹಾಕುತ್ತಿತ್ತು. ಅಲ್ಲಿ ನಡೆದು ಬಂದವರ ಮುಖ ನಾನು ನೋಡಿದ್ದೆ. ಕಾಳಿಂಗ ತಾಯಿ ಸತ್ತ ವಾರ ಆ ದಾರಿಯಲ್ಲಿ ನಡೆದು ಬಂದು, ಮೂಗು ಒರೆಸಿಕೊಂಡು ಪರವಾಗಿಲ್ಲ ಅಂದಾಗ ಅದರ ಅರ್ಥ ನನಗೆ ಗೊತ್ತಿತ್ತು. ಗೊತ್ತಿದ್ದೂ ಅಂದದ್ದನ್ನು ಅಂದ ಹಾಗೇ ಬರೆದೆ. ನಿಯತ್ತು ಅಂದುಕೊಂಡಿದ್ದೆ ಅದನ್ನು. ಎಂಥ ದಡ್ಡಿ ನಾನು!

ತಪ್ಪು ತಿದ್ದೋಣ ಅಂತ ಅಲ್ಲೇ ಕೂತು "ಸುಮ್ಮನೆ ದಾರಿ ಬಹಳ ಚೆನ್ನಾಗಿದೆ" ಅಂತ ನಾನೇ ಬರೆದೆ. ಬೆಳಗ್ಗೆ ಆ ಸಾಲಿನ ಜಾಗ ಖಾಲಿಯಿತ್ತು. ಪುಸ್ತಕ ಬರೆಯುವವಳು ಆಡುವಂತಿಲ್ಲ, ಆಡದವರ ಅಭಿಪ್ರಾಯ ಅದಕ್ಕೆ ಬೇಡ. ಸರಿ, ಆಡುವವರನ್ನೆಲ್ಲ ಸೇರಿಸಿ ವಿಷಯ ಹೇಳಿದೆ. ಎಲ್ಲರೂ ಒಪ್ಪಿದರು. ಕಾಳಿಂಗ ಎದೆಯುಬ್ಬಿಸಿ ಮುಂದೆ ಬಂದ. "ಬರ್ಕೊ ಅಕ್ಕಾ. ಸುಮ್ಮನೆ ದಾರಿ ಚೆ... ಚೆನ್..." ಹಣೆಯ ಮೇಲೆ ಬೆವರು ಸಾಲುಗಟ್ಟಿತು. "ಪರವಾಗಿಲ್ಲ" ಅಂದವನೇ ತನ್ನ ಕೆನ್ನೆಗೆ ತಾನೇ ಹೊಡೆದುಕೊಂಡ. ಹಸೀನಾಬಿ, "ಇನ್ನೂ ಹತ್ತು ಡ್ರ್ಯಾಗನ್ ಕೊಡು, ಕೊಂದು ಹಾಕ್ತೀನಿ. ಇದು ನನ್ ಕೈಲಾಗಲ್ಲಮ್ಮ, ಮನೇಲಿ ಮಕ್ಳಿದಾರೆ" ಅಂದಳು. ನಗಬೇಡಿ. ಹುಟ್ಟಿದಾಗಿನಿಂದ ಬೆಂಕಿ ಅಂತ ಕೇಳಿಕೊಂಡು ಬಂದದ್ದನ್ನು ಬಾಯಲ್ಲಿ ಇಟ್ಟುಕೋ ಅಂದರೆ ಯಾರು ತಾನೇ ಇಟ್ಟುಕೊಳ್ಳುತ್ತಾರೆ? ಅವರೆಲ್ಲ ಮನೆಗೆ ಹೋದ ಮೇಲೆ ಪರದೆ ನೋಡಿದೆ. ದಾರಿಯಲ್ಲಿ ಇಪ್ಪತ್ತು ಹೆಜ್ಜೆ ಉಳಿದಿತ್ತು. ಅದೂ ಇನ್ನೆಷ್ಟು ದಿನವೋ.

ಮರುದಿನ ಬೆಳಗ್ಗೆ ನಾನೇ ಅವರ ಮನೆಗೆ ಹೋಗಿ ಕರೆದುಕೊಂಡು ಬಂದೆ. ದಾರಿಯಲ್ಲಿ ಇಬ್ಬರಿಗೂ ಎಲ್ಲ ಹೇಳಿದೆ. ಮರುಳಣ್ಣ ಪರದೆಯ ಮುಂದೆ ಕೂತು "ನಡಿ" ಅಂದ. ಅತ್ತಿಗೆ ಗುಂಡಿ ನೂಕಿದಳು. ನಾನು ಮನಸ್ಸಿನಲ್ಲೇ ಎಣಿಸಿದೆ. ಹದಿನಾರಕ್ಕೇ ಅವಳ ಹೆಬ್ಬೆರಳು ತಾನಾಗಿ ನಿಂತಿತು. ಗೋಡೆ ಬಂದಿತ್ತು. ಅವನಿನ್ನೂ ನಿಲ್ಲು ಅಂದಿರಲಿಲ್ಲ. ಆಮೇಲೆ ಕುರ್ಚಿ ನನ್ನ ಮೇಜಿನ ಹತ್ತಿರ ಬಂತು. ನಾನು ಪುಸ್ತಕ ತೆಗೆದು ಪೆನ್ನು ಹಿಡಿದೆ. ಮಿಲ್ಲಿನಲ್ಲಿದ್ದವರು ಆಟ ಬಿಟ್ಟು ಇತ್ತ ತಿರುಗಿದರು. ಮರುಳಣ್ಣ ಬಲಗೈ ಚಾಚಿ ಪುಸ್ತಕದ ಮೇಲಿಟ್ಟ.

"ಆಗಲ್ಲ ತಂಗಿ," ಅಂದ. "ನಾನು ಜನ್ಮದಲ್ಲಿ ಒಂದೇ ಒಂದು ಸಲ ಹೊಗಳಿದ್ದು. ಏರಿ ಮೇಲೆ ನಿಂತ್ಕೊಂಡು, ಈ ಸೀಮೇಲಿ ನನ್ನ ಕಾಲಿನಂಥ ಕಾಲು ಇನ್ನೊಬ್ಬನಿಗಿಲ್ಲ ಅಂದೆ. ಹತ್ತು ಜನ ಕೇಳಿಸ್ಕೊಂಡ್ರು. ಆ ವಾರ ತುಂಬೋದ್ರೊಳಗೆ ಬಿದ್ದೆ. ಈಗ ಆ ದಾರಿ ಹೊಗಳ್ಬೇಕು ಅಂದ್ರೆ..." ಮಾತು ನಿಲ್ಲಿಸಿ ಹೆಂಡತಿಯ ಕಡೆ ನೋಡಿದ. "ಆ ದಾರೀಲಿ ಬರೀ ದಾರಿ ಇಲ್ಲ ತಂಗಿ. ಇವಳಿದಾಳೆ. ಒಂದನ್ನ ಹೊಗಳಿ ಇನ್ನೊಂದನ್ನ ಬಿಟ್ರೆ ಸುಳ್ಳಾಗುತ್ತೆ. ಹೊಗಳಿ ಇವಳಿಗೇನಾದ್ರೂ ಆದ್ರೆ? ಹೋಗ್ಲಿ ಬಿಡು. ದಾರಿ ಹೋದ್ರೆ ಹೋಗ್ಲಿ."

ದೇವೀರಮ್ಮ ಅತ್ತಿಗೆ ಕುರ್ಚಿಯ ಹಿಂದಿನಿಂದ ಮುಂದೆ ಬಂದು, ಸೆರಗು ಸೊಂಟಕ್ಕೆ ಸಿಕ್ಕಿಸಿ ಗಂಡನ ಎದುರು ನಿಂತಳು. "ಮೂವತ್ತೊಂದು ವರ್ಷದಿಂದ ನನ್ನ ಸಾರು ಪರವಾಗಿಲ್ಲ, ನನ್ನ ಸೀರೆ ಪರವಾಗಿಲ್ಲ, ನಾನೂ ಪರವಾಗಿಲ್ಲ. ಅರ್ಥ ಆಗ್ತಿತ್ತು, ಇಲ್ಲ ಅನ್ನಲ್ಲ. ಆದ್ರೂ ಒಂದು ಸಲ ಕಿವಿಯಾರೆ ಕೇಳ್ಬೇಕು ಅಂತ ನಂಗೂ ಇರಲ್ವಾ? ದೃಷ್ಟಿ ಆದ್ರೆ ಆಗ್ಲಿ. ಮನೇಲಿ ಉಪ್ಪಿದೆ, ಮೆಣಸಿನಕಾಯಿ ಇದೆ, ನೀವಾಳಿಸೋಕೆ ನನ್ನ ಕೈ ಗಟ್ಟಿಯಾಗಿದೆ. ಹೇಳ್ರಿ."

ಮರುಳಣ್ಣ ಪುಸ್ತಕವನ್ನು ನನ್ನ ಕಡೆ ನೂಕಿದ. "ಬರ್ಕೊ ತಂಗಿ," ಅಂದ. "ಸುಮ್ಮನೆ ದಾರಿ ಚೆನ್ನಾಗಿದೆ. ಬಹಳ ಚೆನ್ನಾಗಿದೆ. ಇಪ್ಪತ್ತೆಂಟು ವರ್ಷ ನಡೆದೋನು ಹೇಳ್ತಿದೀನಿ. ನಾಲೆ ಮೇಲೆ ನಡೀವಾಗ ತೂಬು, ಗದ್ದೆ, ಜಗಳ, ಅದೇ ಯೋಚನೆ. ಕಾಲು ನೆಲ ಮುಟ್ಟಿದ್ದೇ ಗೊತ್ತಾಗ್ತಿರ್ಲಿಲ್ಲ. ಈ ದಾರೀಲಿ ಪ್ರತಿ ಹೆಜ್ಜೆನೂ ಗೊತ್ತಾಗುತ್ತೆ. ಹುಲ್ಲು ಮೊಣಕಾಲಿಗೆ ತಾಗಿದ ಹಾಗೆ ಅನ್ಸುತ್ತೆ. ತಾಗಲ್ಲ, ಗೊತ್ತು. ಆದ್ರೂ ಅನ್ಸುತ್ತೆ. ಬರೆದ್ಯಾ?" ಬರೆದೆ ಅಂದೆ. "ಇನ್ನೂ ಬರ್ಕೊ. ಅಲ್ಲಿ ನನ್ನನ್ನ ನಡೆಸೋದು ನನ್ನ ಹೆಂಡ್ತಿ ದೇವೀರಿ. ದಾರಿಗೆ ಬೆನ್ನು ಹಾಕ್ಕೊಂಡು ನಡೆಸ್ತಾಳೆ. ನಾಲ್ಕು ವರ್ಷದಲ್ಲಿ ಒಂದು ದಿನ ನನ್ನ ಹಳ್ಳಕ್ಕೆ ಬೀಳಿಸ್ಲಿಲ್ಲ, ಒಂದು ಕಲ್ಲಿಗೆ ಎಡವಿಸ್ಲಿಲ್ಲ. ನಿಲ್ಲು ಅನ್ನೋಕ್ಕೆ ಮುಂಚೆ ನಿಲ್ತಾಳೆ. ನನ್ನ ಕಾಲು ಚೆನ್ನಾಗಿದೆ ಅಂತ ಹಿಂದೆ ಒಂದ್ಸಲ ಅಂದಿದ್ದೆನಲ್ಲ, ಅದು ಸುಳ್ಳು. ಇವಳ ಕಾಲು ನೋಡಿರ್ಲಿಲ್ಲ ಆವಾಗ. ಇವಳ ನಡಿಗೆ ಬಹಳ ಚೆನ್ನಾಗಿದೆ. ಇಂಥವಳು ಇನ್ನೊಬ್ಬಳಿಲ್ಲ. ಅಷ್ಟೇ. ಮುಗೀತು."

ಕಾಳಿಂಗ ಗೋಡೆಯ ಕಡೆ ತಿರುಗಿ ನಿಂತಿದ್ದ. ಹಸೀನಾಬಿ ಎರಡು ಕೈಯಲ್ಲೂ ಬಾಯಿ ಮುಚ್ಚಿಕೊಂಡಿದ್ದಳು. ನನಗೆ ಕೊನೆಯ ಸಾಲು ಸರಿಯಾಗಿ ಕಾಣಲಿಲ್ಲ, ಅಂದಾಜಿನ ಮೇಲೆ ಬರೆದೆ. ಅತ್ತಿಗೆ ಮಾತ್ರ ಏನೂ ಆಗದವಳಂತೆ ಕುರ್ಚಿಯ ಹಿಂದೆ ಹೋಗಿ, "ಸಾಕು ಬನ್ನಿ, ಶಾಂಭವಿ ಕೈ ನೋಯುತ್ತೆ" ಅಂದಳು. ಬಾಗಿಲ ಹೊಸ್ತಿಲು ದಾಟಿಸುವಾಗ ಮಾತ್ರ ಅವಳು ಕುರ್ಚಿ ನಿಲ್ಲಿಸಿ, ಸೆರಗಿನಲ್ಲಿ ಮುಖವನ್ನು ಎರಡೆರಡು ಸಲ ಒರೆಸಿಕೊಂಡದ್ದು ನನಗೆ ಕಂಡಿತು.

ಮರುದಿನ ಮಿಲ್ಲಿನ ಮುಂದೆ ಅರ್ಧ ಊರು ನೆರೆದಿತ್ತು. ಬಂದಿರದವರು ಅವರಿಬ್ಬರೇ. ತಿಂಡಿಯ ಹೊತ್ತು ಮೀರಿತು. ಬಿಸಿಲು ಮೆಟ್ಟಿಲಿಗೆ ಬಂತು. ಯಾರೂ ಒಳಗೆ ಹೋಗಿ ಪರದೆ ಹಚ್ಚಲಿಲ್ಲ. "ನೀನು ಹೇಳಿಸ್ಬಾರ್ದಿತ್ತು ಬುಕ್ಕಿನಕ್ಕ" ಅಂತ ಹಸೀನಾಬಿ ಮೆಲ್ಲಗೆ ಅಂದಳು. ಸೇತುವೆಯ ಗುಟ್ಟು ತಿಳಿದ ಮೇಲೆ ದೃಷ್ಟಿ ಗಿಷ್ಟಿ ನಂಬುವುದು ಬಿಟ್ಟವಳು ನಾನು, ಅವತ್ತು ಮನೆದೇವರಿಗೆ ಮುಡಿಪು ಕಟ್ಟಿಕೊಂಡೆ. ಕಾಳಿಂಗ ಅವರ ಮನೆಯ ಕಡೆ ಓಡಲು ಚಪ್ಪಲಿ ಮೆಟ್ಟುತ್ತಿದ್ದಾಗ ಬೀದಿಯ ತಿರುವಿನಲ್ಲಿ ಗಾಲಿಯ ಕಿರುಗುಟ್ಟುವ ಸದ್ದು ಕೇಳಿತು. ಅತ್ತಿಗೆ ಮೈತುಂಬ ಮೆಣಸಿನಕಾಯಿ ಸುಟ್ಟ ವಾಸನೆ ಹೊತ್ತುಕೊಂಡು ಕುರ್ಚಿ ನೂಕುತ್ತ ಬರುತ್ತಿದ್ದಳು. "ಒಂಚೂರೂ ಘಾಟು ಬರ್ಲಿಲ್ಲ ಕಣೆ, ಅಷ್ಟು ದೃಷ್ಟಿ ಆಗಿತ್ತು," ಅಂದಳು. "ಮೂರು ಸಲ ತೆಗೀಬೇಕಾಯ್ತು. ಮೂರನೇ ಸಲಕ್ಕೆ ಕೆಮ್ಮಿ ಕೆಮ್ಮಿ ಸಾಕಾಯ್ತು ಇಬ್ರಿಗೂ. ಏನ್ ಎಲ್ರೂ ಹಿಂಗೆ ನಿಂತಿದೀರ?" ಅವಳನ್ನು ಅಲ್ಲೇ ತಬ್ಬಿಕೊಳ್ಳಬೇಕು ಅನ್ನಿಸಿತು ನನಗೆ. ತಬ್ಬಿಕೊಂಡೆ.

ಪರದೆ ಹಚ್ಚಿದೆವು. ಎರಡನೇ ಕೋಟೆಯ ಹಿಂಬಾಗಿಲು ತೆರೆದಾಗ ಹುಲ್ಲು ಮೊದಲಿನದಕ್ಕಿಂತ ಎತ್ತರ ನಿಂತಿತ್ತು. ಹಕ್ಕಿ ಕೂಗುತ್ತಿತ್ತು. ಗೋಡೆಯ ಸುಳಿವಿರಲಿಲ್ಲ. ಮರುಳಣ್ಣ "ನಡಿ" ಅನ್ನುವ ಮೊದಲೇ ಎದುರಿಗೆ ಕೂತ ಅತ್ತಿಗೆ ಅವನ ಮುಖ ನೋಡಿಯೇ ಗುಂಡಿ ನೂಕಿದಳು. ಹೆಜ್ಜೆ ಕೇಳಿಸಿತು. ಅವಳ ಹೆಬ್ಬೆರಳು ಥಟ್ಟನೆ ನಿಂತಿತು, ಹೆಜ್ಜೆಯೂ ನಿಂತಿತು. ಮತ್ತೆ ನೂಕಿದಳು. ಈ ಸಲ ನಮಗೂ ತಿಳಿಯಿತು. ಒಬ್ಬರ ಹೆಜ್ಜೆಯಲ್ಲ ಅದು. ಒಂದು ಬರಿಗಾಲಿನದು, ಭಾರವಾಗಿ ಬೀಳುವುದು. ಅದರ ಪಕ್ಕದಲ್ಲೇ ಇನ್ನೊಂದು, ಹಗುರ, ಕಲ್ಲು ಸಿಕ್ಕಲ್ಲಿ ಕಾಲುಂಗುರ ಟಿಣ್ ಅನ್ನುತ್ತಿದ್ದದ್ದು.

"ಯಾರ್ರೀ ಅದು ನಿಮ್ಮ ಜೊತೆ?" ಅಂದಳು ಅತ್ತಿಗೆ, ಪರದೆಯ ಕಡೆ ತಿರುಗದೆ.

"ನಿನ್ನ ನಡಿಗೆ ನಿಂಗೇ ಗೊತ್ತಾಗಲ್ವೇನೆ?"

ಅವಳು ಸ್ವಲ್ಪ ಹೊತ್ತು ಕಿವಿಗೊಟ್ಟು ಕೂತಳು. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲು ಹೋಗಲಿಲ್ಲ. ಒರೆಸಿದರೆ ಗುಂಡಿಯ ಮೇಲಿನ ಕೈ ಅಲುಗುತ್ತಿತ್ತು.

"ಕೆರೆ ಬಂತಾ?"

"ಇಲ್ಲ ಕಣೆ. ಇನ್ನೂ ದಾರೀನೇ ಕಾಣ್ತಿದೆ. ಗುಡ್ಡದ ಮೇಲೆ ಹತ್ತಿ ಆ ಕಡೆ ಇಳಿದುಹೋಗಿದೆ. ಕೊನೆ ಎಲ್ಲೋ ಗೊತ್ತಾಗ್ತಿಲ್ಲ."

"ಚೆನ್ನಾಗೇ ಆಯ್ತು ಬಿಡಿ," ಅಂದಳು ದೇವೀರಮ್ಮ, ಮಿಲ್ಲಿಗೆಲ್ಲ ಕೇಳುವಂತೆ. ಕೂತಲ್ಲೇ ಕಾಲು ಬದಲಿಸಿ, ಗಂಡನ ಮುಖದ ಮೇಲಿಟ್ಟ ಕಣ್ಣು ತೆಗೆಯದೆ ಗುಂಡಿ ನೂಕುತ್ತ ಹೋದಳು.